ವರ್ಷವಿಡೀ ಕೆಮ್ಮುವ ಮಗು: ಸಿಲಿಯಾ ರಿಪೋರ್ಟ್ ಹೇಳುವುದೆಷ್ಟು?

2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬ್ರೆನ್ಸೊಕ್ಯಾಟಿಬ್ ಅನ್ನುವ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಬ್ರಾಂಕಿಯೆಕ್ಟಾಸಿಸ್ ಅಂದರೆ ಉಸಿರುನಾಳಗಳು ಹಿಗ್ಗಿ, ಅಲ್ಲಿ ಕಫ ನಿಂತು ಕೊಳೆಯುವ ಕಾಯಿಲೆ. ಆ ಕಾಯಿಲೆಗೆ ಅಂತಲೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿ ಇದು. ಅದೇ ವರ್ಷ ಯುರೋಪ್ ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು ಸೇರಿ ಇನ್ನೊಂದು ಕೆಲಸ ಮಾಡಿದವು. ಉಸಿರುನಾಳದ ಲೋಳೆಯನ್ನು ಮೇಲಕ್ಕೆ ತಳ್ಳುವ ಸಿಲಿಯಾ ಎಂಬ ಪುಟ್ಟ ಎಳೆಗಳು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡದ ಕಾಯಿಲೆಗೆ ಪ್ರೈಮರಿ ಸಿಲಿಯರಿ ಡಿಸ್ಕೈನೇಷಿಯಾ, ಚಿಕ್ಕದಾಗಿ ಪಿಸಿಡಿ, ಅನ್ನುತ್ತಾರೆ. ಅದನ್ನು ಪತ್ತೆ ಮಾಡುವುದು ಹೇಗೆ ಅಂತ ಒಟ್ಟಾಗಿ ಒಂದೇ ಮಾರ್ಗಸೂಚಿ ಹೊರತಂದವು.

ಎರಡಕ್ಕೂ ನಂಟಿದೆ. ಪಿಸಿಡಿ ಇರುವವರಿಗೆ ವಯಸ್ಸು ಏರಿದ ಹಾಗೆ ಬರುವುದು ಇದೇ ಬ್ರಾಂಕಿಯೆಕ್ಟಾಸಿಸ್. ಹಾಗಾಗಿ ಓದುಗರಿಗೆ ಗೊಂದಲ ಆಗುವುದು ಸಹಜ. ಹೊಸ ಮಾತ್ರೆ ಸಿಲಿಯಾವನ್ನು ಸರಿಮಾಡುತ್ತದಾ? 'ಸಿಲಿಯಾ ರಚನೆಯಲ್ಲಿ ದೋಷ' ಅಂತ ರಿಪೋರ್ಟ್ ಬಂದರೆ ಅದು ಪಿಸಿಡಿಯೇನಾ? ರಿಪೋರ್ಟ್ ನಾರ್ಮಲ್ ಬಂದೂ ಮಗು ಕೆಮ್ಮುತ್ತಲೇ ಇದ್ದರೆ? ಮಾತ್ರೆಯದು ದೊಡ್ಡ ಸುದ್ದಿ, ಸರಿ. ಆದರೆ ಕೆಮ್ಮುವ ಮಗು ಇರುವ ಮನೆಗೆ ಜಾಸ್ತಿ ಬೇಕಾದದ್ದು ಆ ಮಾರ್ಗಸೂಚಿ ಹೇಳುವ ಮಾತು.

ಗುಡಿಸುವ ಕೆಲಸ ನಿಂತರೆ

ಮೂಗಿನಿಂದ ಹಿಡಿದು ಶ್ವಾಸಕೋಶದ ಸಣ್ಣ ನಾಳಗಳವರೆಗೆ ಒಳಗೋಡೆಯ ಮೇಲೆ ತೆಳುವಾದ ಲೋಳೆಯ ಪದರ ಇರುತ್ತದೆ. ಧೂಳು, ಹೊಗೆಯ ಕಣ, ರೋಗಾಣು ಎಲ್ಲವೂ ಇದಕ್ಕೆ ಅಂಟಿಕೊಳ್ಳುತ್ತವೆ. ಈ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ತಳ್ಳುವುದು ಸಿಲಿಯಾ. ಇವು ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು. ಒಂದೊಂದು ಜೀವಕೋಶದ ತಲೆಯ ಮೇಲೆ ಸುಮಾರು 200 ಇರುತ್ತವೆ. ಉದ್ದ 6-7 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತವೆ. ಎಲ್ಲವೂ ಒಟ್ಟಿಗೆ ಬಡಿಯುವುದಿಲ್ಲ. ಭತ್ತದ ಗದ್ದೆಯ ಮೇಲೆ ಗಾಳಿ ಹಾದಾಗ ಪೈರು ಒಂದು ಕಡೆಯಿಂದ ಬಾಗುತ್ತಾ ಬರುತ್ತದಲ್ಲ, ಹಾಗೆ ಅಲೆಯಾಗಿ ಬಡಿಯುತ್ತವೆ. ಮೇಲೆ ಬಂದ ಲೋಳೆಯನ್ನು ನಾವು ಗೊತ್ತಿಲ್ಲದೆಯೇ ನುಂಗಿಬಿಡುತ್ತೇವೆ.

ಒಂದು ಸಿಲಿಯಾವನ್ನು ಅಡ್ಡ ಕತ್ತರಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಚಕ್ರ ಕಾಣುತ್ತದೆ. ಸುತ್ತ 9 ಜೋಡಿ ಕೊಳವೆಗಳು, ನಡುವೆ 2 ಕೊಳವೆಗಳು. ಸುತ್ತಲಿನ ಜೋಡಿಗಳಿಗೆ ಒಳಗೊಂದು, ಹೊರಗೊಂದು ಪುಟ್ಟ ತೋಳುಗಳಿರುತ್ತವೆ. ಡೈನೀನ್ ಎಂಬ ಪ್ರೋಟೀನಿನಿಂದ ಆದ ಈ ತೋಳುಗಳೇ ಎಂಜಿನ್. ಒಂದು ಜೋಡಿಯ ತೋಳು ಪಕ್ಕದ ಜೋಡಿಯನ್ನು ಹಿಡಿದು ಜಾರಿಸುತ್ತದೆ, ಆಗ ಸಿಲಿಯಾ ಬಾಗುತ್ತದೆ. ಹೊರಗಿನ ತೋಳು ಇಲ್ಲದಿದ್ದರೆ ಸಿಲಿಯಾ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನಡುವಿನ ಜೋಡಿ ಸರಿಯಿಲ್ಲದಿದ್ದರೆ ಅಲ್ಲಾಡುತ್ತದೆ, ಆದರೆ ಸುಮ್ನೆ ಗುಂಡಗೆ ತಿರುಗುತ್ತದೆ. ತಳ್ಳುವ ಕೆಲಸ ಆಗುವುದಿಲ್ಲ.

ಕೆಲಸ ನಿಂತ ಮೇಲೆ ಆಗುವುದು ಹೂಳು ತುಂಬಿದ ಕಾಲುವೆಯ ಕಥೆ. ಲೋಳೆ ನಿಲ್ಲುತ್ತದೆ. ನಿಂತ ಕಡೆ ರೋಗಾಣು ಬೆಳೆಯುತ್ತವೆ. ಅವನ್ನು ಕೊಲ್ಲಲು ಬಿಳಿ ರಕ್ತಕಣಗಳು ಬಂದು ತಮ್ಮಲ್ಲಿರುವ ಕಿಣ್ವ ಸುರಿಯುತ್ತವೆ. ಆ ಕಿಣ್ವ ರೋಗಾಣುವಿನ ಜೊತೆಗೆ ನಾಳದ ಗೋಡೆಯನ್ನೂ ಕೊರೆಯುತ್ತದೆ. ಗೋಡೆ ಸಡಿಲವಾಗಿ ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದಲ್ಲಿ ಇನ್ನಷ್ಟು ಕಫ ನಿಲ್ಲುತ್ತದೆ. ಹೀಗೆ ಸುತ್ತು ಮುಂದುವರಿಯುತ್ತದೆ. ಒಮ್ಮೆ ಹಾಳಾಗಿ ಹಿಗ್ಗಿದ ನಾಳ ದೊಡ್ಡವರಲ್ಲಿ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಇಲ್ಲಿ ಕೆಮ್ಮಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಲಿಯಾ ಸತ್ತಂತೆ ಇರುವಾಗ ಕಫ ಹೊರಹಾಕಲು ದೇಹಕ್ಕೆ ಉಳಿದಿರುವ ದಾರಿ ಕೆಮ್ಮು ಒಂದೇ. ಇಂಥ ಮಗುವಿಗೆ ಕೆಮ್ಮು ಅಡಗಿಸುವ ಸಿರಪ್ ಕುಡಿಸಿದರೆ ಮನೆಯವರಿಗೆ ರಾತ್ರಿ ನಿದ್ದೆ ಬರಬಹುದು. ಕಫ ಮಾತ್ರ ಎದೆಯಲ್ಲೇ ಉಳಿಯುತ್ತದೆ.

ಬಲಗಡೆ ಬಡಿಯುವ ಹೃದಯ

ಸ್ವಿಟ್ಜರ್ಲೆಂಡಿನ ವೈದ್ಯ ಮಾನೆಸ್ ಕಾರ್ಟಗೆನರ್ 1933ರಲ್ಲಿ ಒಂದು ವಿಚಿತ್ರ ಜೋಡಣೆಯನ್ನು ಬರೆದಿಟ್ಟರು. ಕೆಲವು ರೋಗಿಗಳಲ್ಲಿ ಸೈನಸ್ ತೊಂದರೆ, ಹಿಗ್ಗಿದ ಉಸಿರುನಾಳ ಎರಡೂ ಇರುತ್ತಿದ್ದವು. ಜೊತೆಗೆ ಹೃದಯ ಬಲಗಡೆ, ಯಕೃತ್ತು ಎಡಗಡೆ. ಕನ್ನಡಿಯಲ್ಲಿ ನೋಡಿದ ಹಾಗೆ ಒಳಗಿನ ಅಂಗಗಳೆಲ್ಲ ತಿರುವುಮುರುವು. ಮೂಗಿಗೂ ಹೃದಯ ಇರುವ ಜಾಗಕ್ಕೂ ಏನು ಸಂಬಂಧ ಅಂತ ಯಾರಿಗೂ ತಿಳಿಯಲಿಲ್ಲ.

ಉತ್ತರದ ತುದಿ ಸಿಕ್ಕಿದ್ದು 1976ರಲ್ಲಿ. ಸ್ವೀಡನ್ನಿನ ಬ್ಯೋರ್ನ್ ಅಫ್ಜೇಲಿಯಸ್ ಮಕ್ಕಳಾಗದ ಗಂಡಸರ ವೀರ್ಯಾಣುಗಳನ್ನು ಪರೀಕ್ಷಿಸುತ್ತಿದ್ದರು. ಆ ವೀರ್ಯಾಣುಗಳ ಬಾಲ ಅಲ್ಲಾಡುತ್ತಲೇ ಇರಲಿಲ್ಲ. ಸಿಲಿಯಾದ ಹಾಗೆಯೇ ರಚನೆ ಇರುವ ಆ ಬಾಲಗಳಲ್ಲಿ ಡೈನೀನ್ ತೋಳುಗಳೇ ಇರಲಿಲ್ಲ. ಅವರ ಉಸಿರುನಾಳದ ಸಿಲಿಯಾದಲ್ಲೂ ಅದೇ ಕೊರತೆ. ಅವರಲ್ಲಿ ಕೆಲವರ ಹೃದಯ ಬಲಗಡೆ ಇತ್ತು. ಗರ್ಭದಲ್ಲಿ ಎಡ-ಬಲ ನಿರ್ಧರಿಸುವುದರಲ್ಲೂ ಸಿಲಿಯಾದ ಪಾತ್ರ ಇರಬೇಕು ಅಂತ ಅವರು ಊಹಿಸಿದರು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಭ್ರೂಣದಲ್ಲಿ ಅದನ್ನು ಕಣ್ಣಾರೆ ತೋರಿಸಿದರು. ಭ್ರೂಣದ ಒಂದು ಪುಟ್ಟ ಗುಳಿಯಲ್ಲಿ ಸಿಲಿಯಾ ಗಿರಗಿರ ತಿರುಗಿ ದ್ರವವನ್ನು ಎಡಕ್ಕೆ ಹರಿಸುತ್ತವೆ. ಆ ಹರಿವೇ ಎಡ ಯಾವುದು ಅಂತ ದೇಹಕ್ಕೆ ತಿಳಿಸುತ್ತದೆ. ಹರಿವು ಇಲ್ಲದಿದ್ದರೆ ನಾಣ್ಯ ಚಿಮ್ಮಿದ ಹಾಗೆ. ಹೃದಯ ಎಡಕ್ಕೂ ಬರಬಹುದು, ಬಲಕ್ಕೂ ಬರಬಹುದು.

ಪಿಸಿಡಿ ಇರುವವರಲ್ಲಿ ಸುಮಾರು ಅರ್ಧ ಜನರ ಹೃದಯ ಎಡಗಡೆಯೇ ಇರುವುದು ಇದೇ ಕಾರಣಕ್ಕೆ. ಇನ್ನೂ ಒಂದು ಸೂಕ್ಷ್ಮ ಇದೆ. ಭ್ರೂಣದ ಆ ಸಿಲಿಯಾಗಳಲ್ಲಿ ನಡುವಿನ 2 ಕೊಳವೆಗಳೇ ಇರುವುದಿಲ್ಲ. ಹಾಗಾಗಿ ನಡುವಿನ ಜೋಡಿಯ ದೋಷದಿಂದ ಪಿಸಿಡಿ ಬಂದವರಲ್ಲಿ ಅಂಗಗಳು ಯಾವತ್ತೂ ತಮ್ಮ ಜಾಗದಲ್ಲೇ ಇರುತ್ತವೆ. ಎಕ್ಸ್‌ರೇಯಲ್ಲಿ ಹೃದಯದ ಜಾಗ ನೋಡಿ ಅನುಮಾನ ಬರುವ ಸಾಧ್ಯತೆಯೇ ಇಲ್ಲ.

ಇದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 2010ರಲ್ಲಿ ಪ್ರಕಟವಾದ ಯುರೋಪಿನ ಸಮೀಕ್ಷೆಯೊಂದರಲ್ಲಿ, ಅಂಗಗಳು ತಿರುವುಮುರುವು ಇದ್ದ ಮಕ್ಕಳಿಗೆ ಸುಮಾರು 3.5 ವರ್ಷಕ್ಕೆ ಕಾಯಿಲೆ ಪತ್ತೆಯಾಗಿತ್ತು. ಉಳಿದವರಿಗೆ 5.8 ವರ್ಷ. ಕಾಯಿಲೆ ಒಂದೇ, ಕೆಮ್ಮು ಒಂದೇ. ಹೃದಯ ಸರಿಯಾದ ಜಾಗದಲ್ಲಿ ಇದ್ದ ತಪ್ಪಿಗೆ ಎರಡು ವರ್ಷಕ್ಕೂ ಜಾಸ್ತಿ ನಷ್ಟ.

ರಿಪೋರ್ಟ್ ಯಾಕೆ ದಾರಿ ತಪ್ಪಿಸುತ್ತದೆ

ಮೂಗಿನೊಳಗೆ ಒಂದು ಪುಟ್ಟ ಬ್ರಷ್ ಹಾಕಿ ಜೀವಕೋಶ ತೆಗೆಯುತ್ತಾರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ರಚನೆಯಲ್ಲಿ ದೋಷ ಕಂಡರೆ ಕಾಯಿಲೆ ಇದೆ, ಕಾಣದಿದ್ದರೆ ಇಲ್ಲ. ಕೇಳಲು ಎಷ್ಟು ಸರಳ, ಅಲ್ವಾ? ಎರಡೂ ಅರ್ಧ ಸತ್ಯ.

ಮೊದಲು ದೋಷ ಕಂಡ ಸಂದರ್ಭ. ಸಾಮಾನ್ಯ ವೈರಸ್ ನೆಗಡಿ ಬಂದರೂ ಆರೋಗ್ಯವಂತರ ಸಿಲಿಯಾ ಉದುರುತ್ತವೆ, ಸೊಟ್ಟಗಾಗುತ್ತವೆ. ಸಿಗರೇಟಿನ ಹೊಗೆಯೂ ಹೀಗೇ ಮಾಡುತ್ತದೆ. ಹಲವು ಸಿಲಿಯಾ ಅಂಟಿಕೊಂಡು ಒಂದೇ ಪೊರೆಯೊಳಗೆ ಸೇರಿರಬಹುದು. ಸುತ್ತಲಿನ ಕೊಳವೆ ಒಂದು ಹೆಚ್ಚು ಇರಬಹುದು, ಒಂದು ಕಡಿಮೆ ಇರಬಹುದು. ಇವೆಲ್ಲ ಪೆಟ್ಟು ಬಿದ್ದ ಗುರುತುಗಳು. ಹುಟ್ಟಿನಿಂದ ಬಂದದ್ದಲ್ಲ, ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ವೈದ್ಯರು ಇದನ್ನು ಸೆಕೆಂಡರಿ ಅನ್ನುತ್ತಾರೆ. ವರ್ಷವಿಡೀ ಮೂಗು ಸೋರುವ ಮಗುವಿನಲ್ಲಿ ಇಂಥ ಗುರುತು ಸಿಗದಿದ್ದರೇ ಆಶ್ಚರ್ಯ. ಆದ್ದರಿಂದಲೇ ಶೀತ, ಜ್ವರ ಇಳಿದು ಕನಿಷ್ಠ ನಾಲ್ಕು ವಾರವಾದರೂ ಆದ ಮೇಲೆ ಮಾದರಿ ತೆಗೆಯಬೇಕು ಅನ್ನುತ್ತಾರೆ.

ಹೊರಗಿನ ಡೈನೀನ್ ತೋಳುಗಳು ಬಹುಪಾಲು ಸಿಲಿಯಾಗಳಲ್ಲಿ ಒಂದೇ ಸಮನೆ ಕಾಣೆಯಾಗಿದ್ದರೆ ಅದು ಬೇರೆ ಮಾತು. ಅದು ಹುಟ್ಟಿನಿಂದ ಬಂದ ದೋಷದ ಗಟ್ಟಿ ಸಾಕ್ಷಿ. ಆದರೆ 'ಒಳಗಿನ ತೋಳು ಮಾತ್ರ ಕಾಣಲಿಲ್ಲ' ಅನ್ನುವ ರಿಪೋರ್ಟನ್ನು ಅನುಮಾನದಿಂದಲೇ ನೋಡಬೇಕು. ಒಳಗಿನ ತೋಳುಗಳು ಚಿತ್ರದಲ್ಲಿ ಮಸುಕಾಗಿ ಬರುತ್ತವೆ. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ. ಇದೊಂದನ್ನೇ ನಂಬಿ ಮಗುವಿಗೆ ಜೀವನಪೂರ್ತಿಯ ಕಾಯಿಲೆಯ ಹೆಸರಿಡುವುದು ಅನ್ಯಾಯ.

ಅನುಮಾನ ಬಗೆಹರಿಸಲು ಒಂದು ಒಳ್ಳೆಯ ದಾರಿ ಇದೆ. ಮೂಗಿನಿಂದ ತೆಗೆದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಹೊಸ ಸಿಲಿಯಾ ಮೂಡುವ ತನಕ ಕಾಯುವುದು. ಸೋಂಕಿನ ಗಾಯ ಆಗಿದ್ದರೆ ಹೊಸ ಸಿಲಿಯಾ ಚೆನ್ನಾಗಿ ಬರುತ್ತವೆ. ದೋಷ ಜೀನ್‌ನಲ್ಲೇ ಇದ್ದರೆ ಹೊಸದರಲ್ಲೂ ಅದೇ ದೋಷ. ಇದಕ್ಕೆ ಕೈ ಪಳಗಿದ ಪ್ರಯೋಗಾಲಯ ಬೇಕು, ಹಾಗಾಗಿ ಎಲ್ಲ ಕಡೆ ಆಗುವುದಿಲ್ಲ.

ಇನ್ನು ದೋಷ ಕಾಣದ ಸಂದರ್ಭ. ಇದು ಇನ್ನೂ ಅಪಾಯದ್ದು. ಪಿಸಿಡಿ ಇರುವವರಲ್ಲಿ 20ರಿಂದ 30 ಶೇಕಡಾ ಜನರ ಸಿಲಿಯಾ ಚಿತ್ರದಲ್ಲಿ ನಾರ್ಮಲ್ ಅನ್ನಿಸುತ್ತವೆ. ಡಿಎನ್‌ಎಎಚ್-11 ಎಂಬ ಜೀನ್ ಕೆಟ್ಟವರಲ್ಲಿ ತೋಳುಗಳು ಜಾಗದಲ್ಲೇ ಇರುತ್ತವೆ. ಆದರೆ ಸಿಲಿಯಾ ಸೆಟೆದುಕೊಂಡು, ಪೂರ್ತಿ ಬಾಗದೆ, ಸುಮ್ನೆ ನಡುಗುತ್ತವೆ. ನಿಂತ ಚಿತ್ರದಲ್ಲಿ ಓಟದ ತಪ್ಪು ಕಾಣುವುದು ಹೇಗೆ? ಅದನ್ನು ನೋಡಲು ಹೈ-ಸ್ಪೀಡ್ ವಿಡಿಯೊ ಬೇಕು.

ಎರಡು ಸಂಘ, ಎರಡು ದಾರಿ

ತಜ್ಞರ ನಡುವಿನ ಭಿನ್ನಾಭಿಪ್ರಾಯ ಹುಟ್ಟಿದ್ದು ಇಲ್ಲೇ. ಯುರೋಪಿನ ಸಂಘ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೈ-ಸ್ಪೀಡ್ ವಿಡಿಯೊಗೆ ಮುಖ್ಯ ಜಾಗ ಇತ್ತು. ಅಲ್ಲಿ ಕೆಲವು ದೊಡ್ಡ ಕೇಂದ್ರಗಳಿಗೆ ರೋಗಿಗಳು ಬರುತ್ತಾರೆ, ದಿನವೂ ಸಿಲಿಯಾ ನೋಡುವ ಪಳಗಿದ ಕಣ್ಣುಗಳಿವೆ. ಅಮೆರಿಕದ ಸಂಘ 2018ರಲ್ಲಿ ವಿಡಿಯೊವನ್ನು ನಂಬಲಿಲ್ಲ. ಒಬ್ಬರು ಸರಿ ಅಂದದ್ದನ್ನು ಇನ್ನೊಬ್ಬರು ತಪ್ಪು ಅನ್ನಬಹುದು, ಎಲ್ಲ ಕಡೆ ಒಂದೇ ಅಳತೆ ಇಲ್ಲ ಅನ್ನುವುದು ಅವರ ವಾದ. ಅವರು ಜೀನ್ ಪರೀಕ್ಷೆಗೂ ಮೂಗಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆಗೂ ಒತ್ತು ಕೊಟ್ಟರು.

ಈ ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಸುಲಭದ್ದು, ನೋವಿಲ್ಲದ್ದು. ಮೂಗಿನಿಂದ ಗಾಳಿ ಎಳೆದು ಅಳೆಯುತ್ತಾರೆ. ಯಾಕೆ ಅಂತ ಇನ್ನೂ ಪೂರ್ತಿ ಬಿಡಿಸಿಲ್ಲದಿದ್ದರೂ, ಪಿಸಿಡಿ ಇರುವವರ ಮೂಗಿನಲ್ಲಿ ಈ ಅನಿಲ ತುಂಬಾ ಕಡಿಮೆ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ, ಹುಟ್ಟಿನಿಂದಲೇ ಬರುವ ಇನ್ನೊಂದು ಕಾಯಿಲೆಯಲ್ಲೂ ಕಡಿಮೆ ಇರಬಹುದು. ಪಿಸಿಡಿಯ ಕೆಲವು ಜೀನ್‌ಗಳಲ್ಲಿ ನಾರ್ಮಲ್ ಇರಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಅಳೆಯುವುದೂ ಕಷ್ಟ. ಜೀನ್ ಪರೀಕ್ಷೆಗೂ ಮಿತಿ ಇದೆ. 50ಕ್ಕೂ ಹೆಚ್ಚು ಜೀನ್‌ಗಳು ಗೊತ್ತಾಗಿವೆ, ಆದರೂ ಎಲ್ಲ ರೋಗಿಗಳ ದೋಷ ಅವುಗಳಲ್ಲಿ ಸಿಗುವುದಿಲ್ಲ. 'ಬದಲಾವಣೆ ಇದೆ, ಅರ್ಥ ಗೊತ್ತಿಲ್ಲ' ಅನ್ನುವ ಉತ್ತರವೂ ಎಷ್ಟೋ ಸಲ ಬರುತ್ತದೆ.

2025ರ ಜಂಟಿ ಮಾರ್ಗಸೂಚಿ ಈ ಜಗಳವನ್ನು ಹೆಚ್ಚುಕಡಿಮೆ ಮುಗಿಸಿದೆ. ಕಾಯಿಲೆ ಇದೆ ಅಂತ ಖಚಿತ ಮಾಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮತ್ತು ಜೀನ್ ಪರೀಕ್ಷೆ. ಉಳಿದವು ಅವಕ್ಕೆ ಬಲ ಕೊಡುವ ಜೊತೆಗಾರರು. ಯಾವ ಒಂದು ಪರೀಕ್ಷೆ ನಾರ್ಮಲ್ ಬಂದರೂ ಅದರ ಮೇಲೆ ಮಾತ್ರ ಕಾಯಿಲೆ ಇಲ್ಲ ಅನ್ನುವಂತಿಲ್ಲ. ಈ ಕೊನೆಯ ಮಾತು ಮನೆಯವರಿಗೂ ಮುಖ್ಯ. ಲಕ್ಷಣ ಬಲವಾಗಿದ್ದು ರಿಪೋರ್ಟ್ ಸುಮ್ಮನಿದ್ದರೆ, ನಂಬಬೇಕಾದದ್ದು ಲಕ್ಷಣವನ್ನು.

ಹಾಗಾದರೆ ಯಾವ ಲಕ್ಷಣ? ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಕಾರಣವಿಲ್ಲದೆ ಉಸಿರಾಟದ ತೊಂದರೆ ಬಂದು ಆಕ್ಸಿಜನ್ ಬೇಕಾಗುವುದು. ಪಿಸಿಡಿ ಇರುವ ಹೆಚ್ಚಿನ ಮಕ್ಕಳಲ್ಲಿ ಇದು ಆಗಿರುತ್ತದೆ, ಹೆಚ್ಚಾಗಿ ಹುಟ್ಟಿ ಅರ್ಧ ದಿನ, ಒಂದು ದಿನ ಕಳೆದ ಮೇಲೆ. ಆಮೇಲೆ ಆರು ತಿಂಗಳು ತುಂಬುವುದರೊಳಗೆ ಶುರುವಾಗಿ, ದಿನವೂ, ಬೇಸಿಗೆಯಲ್ಲೂ ಬಿಡದ ಕಫದ ಕೆಮ್ಮು. ಅದೇ ರೀತಿ ಬಿಡದೆ ಕಟ್ಟಿಕೊಂಡ, ಸೋರುವ ಮೂಗು. ಅಂಗಗಳು ಜಾಗ ಬದಲಿಸಿರುವುದು. ಈ ನಾಲ್ಕರಲ್ಲಿ ಎಷ್ಟು ಹೆಚ್ಚು ಇದ್ದರೆ ಅನುಮಾನ ಅಷ್ಟು ಗಟ್ಟಿ. ಕಿವಿಯಲ್ಲಿ ನೀರು ತುಂಬಿ ಕೇಳಿಸದೆ ಇರುವುದೂ ಸಾಮಾನ್ಯ. ಇಷ್ಟನ್ನು ಕೇಳಲು ಯಾವ ಯಂತ್ರವೂ ಬೇಡ. 'ಹುಟ್ಟಿದಾಗ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಾ?' ಅನ್ನುವ ಒಂದು ಪ್ರಶ್ನೆ ಸಾಕು.

ನಮ್ಮ ಕಡೆ ಯಾಕೆ ತಡವಾಗುತ್ತದೆ

ಭಾರತದ 31 ಕೇಂದ್ರಗಳ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ವಿವರ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ 35.5 ಶೇಕಡಾ ಜನರಿಗೆ ಹಿಂದೆ ಬಂದಿದ್ದ ಟಿಬಿಯೇ ಕಾರಣ. ಸುಮಾರು 21 ಶೇಕಡಾ ಜನರಲ್ಲಿ ಕಾರಣವೇ ಸಿಗಲಿಲ್ಲ. ಟಿಬಿ ಇಷ್ಟು ಸಾಮಾನ್ಯವಾಗಿರುವ ದೇಶದಲ್ಲಿ ಕಫದ ಕೆಮ್ಮು ಕಂಡಾಗ ವೈದ್ಯರು ಮೊದಲು ಅದನ್ನೇ ನೆನೆಯುವುದು ಸರಿಯೇ. ಚಿಕ್ಕ ಮಕ್ಕಳಾದರೆ ಎರಡನೆಯ ಊಹೆ ಅಸ್ತಮಾ. ಪಂಪ್ ಕೊಡುತ್ತಾರೆ. ಪಿಸಿಡಿಯ ಕಫ ಪಂಪಿಗೆ ಕರಗುವುದಿಲ್ಲ. ಡೋಸ್ ಹೆಚ್ಚಿಸುತ್ತಾರೆ, ಡಾಕ್ಟರು ಬದಲಾಗುತ್ತಾರೆ, ವರ್ಷ ಕಳೆಯುತ್ತದೆ.

ಇನ್ನೊಂದು ಕಾರಣ ನಮ್ಮ ಮನೆಗಳ ಒಳಗೇ ಇದೆ, ಮುಜುಗರ ಬಿಟ್ಟು ಮಾತಾಡಬೇಕು. ಪಿಸಿಡಿ ಹೆಚ್ಚಾಗಿ ಬರುವುದು ತಂದೆ, ತಾಯಿ ಇಬ್ಬರಿಂದಲೂ ಒಂದೇ ಜೀನಿನ ಕೆಟ್ಟ ಪ್ರತಿ ಬಂದಾಗ. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದಾಗ ಇಬ್ಬರಲ್ಲೂ ಒಂದೇ ಅಜ್ಜಿಯ ಜೀನ್ ಇರುವ ಸಾಧ್ಯತೆ ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಸುಮಾರು 27 ಶೇಕಡಾ ಮದುವೆಗಳು ರಕ್ತಸಂಬಂಧದೊಳಗೆ ಆದವು. ದೇಶದ ಲೆಕ್ಕ ಸುಮಾರು 11 ಶೇಕಡಾ.

ಜಗತ್ತಿನ ಜೀನ್ ಮಾಹಿತಿ ಕೋಶಗಳನ್ನು ಜಾಲಾಡಿ 2022ರಲ್ಲಿ ಮಾಡಿದ ಅಂದಾಜಿನಂತೆ ಸುಮಾರು 7,500 ಜನರಲ್ಲಿ ಒಬ್ಬರಿಗಾದರೂ ಪಿಸಿಡಿ ಇರಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ರಕ್ತಸಂಬಂಧದ ಮದುವೆ ಹೆಚ್ಚಿರುವ ದಕ್ಷಿಣ ಏಷ್ಯಾ ಮೂಲದ ಸಮುದಾಯದಲ್ಲಿ ಲೆಕ್ಕ ಹಾಕಿದಾಗ 2,265ಕ್ಕೆ ಒಬ್ಬರು ಸಿಕ್ಕಿದರು. ಅದನ್ನು ಹಾಗೇ ತಂದು ಕರ್ನಾಟಕಕ್ಕೆ ಹಚ್ಚುವಂತಿಲ್ಲ. ಆದರೆ 'ಇದು ಅಪರೂಪದ ಕಾಯಿಲೆ, ನಮ್ಮ ಕಡೆ ಎಲ್ಲಿ ಬರುತ್ತೆ' ಅಂತ ತಳ್ಳಿಹಾಕುವಂತೆಯೂ ಇಲ್ಲ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ತಂದೆಯ ತಪ್ಪೂ ಇಲ್ಲ. ಒಂದು ಮಗುವಿಗೆ ಖಚಿತವಾದರೆ ಅಣ್ಣ, ತಂಗಿಯರನ್ನೂ ತೋರಿಸಬೇಕು, ಅಷ್ಟೇ. ಜೀನ್ ಪರೀಕ್ಷೆ ಬೆಂಗಳೂರಿನಲ್ಲೇ ಆಗುತ್ತದೆ. ಪಳಗಿದ ಕಣ್ಣಿನ ವಿಡಿಯೊ ಕೇಂದ್ರ ಹುಡುಕುವುದಕ್ಕಿಂತ ನಮಗೆ ಇದು ಹತ್ತಿರದ ದಾರಿ.

ಮಾತ್ರೆ ಏನು ಮಾಡುತ್ತದೆ

ಬ್ರೆನ್ಸೊಕ್ಯಾಟಿಬ್ ಸಿಲಿಯಾವನ್ನು ಮುಟ್ಟುವುದೇ ಇಲ್ಲ. ಬಿಳಿ ರಕ್ತಕಣಗಳು ಮೂಳೆ ಮಜ್ಜೆಯಲ್ಲಿ ತಯಾರಾಗುವಾಗ ಅವುಗಳೊಳಗಿನ ಆ ಕೊರೆಯುವ ಕಿಣ್ವ ಕೆಲಸಕ್ಕೆ ಸಿದ್ಧವಾಗದಂತೆ ಅದು ತಡೆಯುತ್ತದೆ. ಅಂದರೆ ಹೂಳು ಹಾಗೇ ಇರುತ್ತದೆ, ದಂಡೆ ಕೊರೆಯುವುದು ಕಡಿಮೆಯಾಗುತ್ತದೆ. 1,700ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ವರ್ಷದಲ್ಲಿ ಕಾಯಿಲೆ ಉಲ್ಬಣಿಸುವ ಸಲಗಳ ಲೆಕ್ಕ ಸುಮಾರು ಐದನೇ ಒಂದು ಪಾಲು ತಗ್ಗಿತು. ಇದು ನಿಜವಾದ ಲಾಭ. ಆದರೆ ನಾಳ ಆಗಲೇ ಹಿಗ್ಗಿದವರಿಗೆ ಸಿಗುವ ಲಾಭ. 12 ವರ್ಷ ತುಂಬದವರಿಗೆ ಒಪ್ಪಿಗೆಯೂ ಇಲ್ಲ.

ಮಗುವಿನ ನಾಳ ಹಿಗ್ಗುವ ಮೊದಲೇ ಮಾಡುವ ಕೆಲಸಗಳು ಹಳೆಯವು, ಅಷ್ಟೇನೂ ದುಬಾರಿಯಲ್ಲದವು. ದಿನವೂ ಫಿಸಿಯೋಥೆರಪಿ ಮಾಡಿ ಕಫ ಹೊರತೆಗೆಯುವುದು. ಓಟ, ಆಟ. ಉಪ್ಪುನೀರಿನಿಂದ ಮೂಗು ತೊಳೆಯುವುದು. ಕಫದ ಕಲ್ಚರ್ ಮಾಡಿಸಿ, ಬಂದ ರೋಗಾಣುವಿಗೆ ತಕ್ಕ ಆ್ಯಂಟಿಬಯಾಟಿಕ್ ಕೊಡುವುದು. ಲಸಿಕೆ ತಪ್ಪಿಸದಿರುವುದು. ಮನೆಯೊಳಗೆ ಒಲೆಯ ಹೊಗೆ, ಬೀಡಿ-ಸಿಗರೇಟಿನ ಹೊಗೆ ಬಿಡದಿರುವುದು. ಕಿವಿ ಪರೀಕ್ಷೆ ಮಾಡಿಸುತ್ತಿರುವುದು, ಕೇಳಿಸದ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆ. ಪಿಸಿಡಿ ರೋಗಿಗಳ ಮೇಲೆಯೇ ನಡೆದ, 2020ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ, ಆರು ತಿಂಗಳು ವಾರಕ್ಕೆ ಮೂರು ಸಲ ಅಜಿಥ್ರೋಮೈಸಿನ್ ಕೊಟ್ಟಾಗ ಉಲ್ಬಣಿಸುವುದು ಅರ್ಧಕ್ಕಿಂತ ಕೆಳಗೆ ಇಳಿಯಿತು. ಇದನ್ನು ಯಾರಿಗೆ, ಎಷ್ಟು ದಿನ ಅಂತ ತಜ್ಞರೇ ಹೇಳಬೇಕು. ಅಂಗಡಿಯಿಂದ ತಂದು ಕೊಡುವ ಮಾತ್ರೆ ಇದಲ್ಲ.

ಸಿಲಿಯಾವನ್ನೇ ಸರಿಪಡಿಸುವ ಪ್ರಯತ್ನವೂ ಶುರುವಾಗಿದೆ. ಕೆಟ್ಟ ಜೀನಿಗೆ ಬದಲಾಗಿ ಸರಿಯಾದ ಸಂದೇಶವನ್ನು, ಅಂದರೆ ಪ್ರೋಟೀನ್ ತಯಾರಿಸಲು ಜೀವಕೋಶ ಓದುವ ಎಂಆರ್‌ಎನ್‌ಎಯನ್ನು, ಉಸಿರಿನ ಮೂಲಕ ಒಳಗೆ ಕಳಿಸುವ ಪ್ರಯೋಗ ಇನ್ನೂ ಮೊದಲ ಹಂತಗಳಲ್ಲಿದೆ. ಆದರೆ ಅದು ಎಲ್ಲ ಪಿಸಿಡಿಗೂ ಒಂದೇ ಔಷಧಿ ಅಲ್ಲ. ಡಿಎನ್‌ಎಐ-1 ಜೀನ್ ಕೆಟ್ಟವರಿಗೆ ಆ ಜೀನಿನ ಸಂದೇಶವೇ ಬೇಕು, ಸಿಸಿಡಿಸಿ-40 ಕೆಟ್ಟವರಿಗೆ ಅದರದ್ದೇ. ಇಂಥ ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮೊದಲು ಕೇಳುವುದು ನಿಮ್ಮಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ. ಹತ್ತು ವರ್ಷ ಅಸ್ತಮಾ ಅಂತ ಪಂಪ್ ಎಳೆದ ಹುಡುಗಿಯ ಫೈಲಿನಲ್ಲಿ ಆ ಹೆಸರು ಇರುವುದಿಲ್ಲ.